ನ್ಯಾನೋ ಹರಳು ಅಂದರೆ ಪುಡಿ ಅಲ್ಲ

ಮೊನ್ನೆ ಮಂಗಳೂರಿನ ಧಕ್ಕೆಯಲ್ಲಿ, ಅಂದರೆ ಮೀನು ಇಳಿಸುವ ಬಂದರುಕಟ್ಟೆಯಲ್ಲಿ, ಪರಿಚಯದವರೊಬ್ಬರು ಕಾಗದದ ಪಟ್ಟಿ ತೋರಿಸಿದರು. ಮೀನು ಕೆಡದಂತೆ ಕೆಲವರು ಹಾಕುವ ಫಾರ್ಮಾಲಿನ್ ಎಂಬ ರಾಸಾಯನಿಕವನ್ನು ಪತ್ತೆ ಹಚ್ಚುವ ಪಟ್ಟಿ ಅದು. "ಇದು ನ್ಯಾನೋ ಸೆನ್ಸರ್ ಮಾರಾಯ್ರೆ, ಹರಳನ್ನು ನುಣ್ಣಗೆ ಪುಡಿ ಮಾಡಿ ಹಚ್ಚಿದ್ದಾರೆ" ಎಂದರು. ಈ ಮಾತು ಕೇಳಿ ಕೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

'ನ್ಯಾನೋ' ಬಂದದ್ದು ಗ್ರೀಕಿನ 'ನಾನೋಸ್'ನಿಂದ. ಅರ್ಥ, ಕುಳ್ಳ. 1960ರಲ್ಲಿ ಅಂತರರಾಷ್ಟ್ರೀಯ ಅಳತೆ ಪದ್ಧತಿಗೆ ಸೇರಿದ ಮೇಲೆ ಅದಕ್ಕೆ ಲೆಕ್ಕ ನಿಂತಿತು: ನೂರು ಕೋಟಿಯಲ್ಲಿ ಒಂದು ಪಾಲು. ಸುಮ್ನೆ 'ಸಣ್ಣದು' ಅಂತಲ್ಲ.

ಜಾಸ್ತಿ ಗೊಂದಲ ಇರುವುದು 'ಹರಳಿ'ನಲ್ಲಿ. ನಮಗೆ ಹರಳು ಅಂದರೆ ಉಂಗುರದ ಕಲ್ಲು. ಹರಳೆಣ್ಣೆಯ ಹರಳೋ, ಔಡಲದ ಬೀಜ. ವಿಜ್ಞಾನದ ಹರಳಿಗೆ ಹೊಳಪು ಬೇಕಿಲ್ಲ. ಒಳಗಿನ ಪರಮಾಣುಗಳು ಸಾಲು ತಪ್ಪದೆ ಕೂತಿರಬೇಕು, ಅಷ್ಟೇ. ಹಾಗಾಗಿ ಕಲ್ಲುಪ್ಪು ಹರಳು. ಎಷ್ಟೇ ಹೊಳೆದರೂ ಗಾಜು ಹರಳಲ್ಲ.

ಇನ್ನು ಪುಡಿಯ ಮಾತು. ಅರಸಿನವನ್ನು ಎಷ್ಟು ಅರೆದರೂ ಹಳದಿಯೇ ಅಲ್ವಾ? ಕ್ಯಾಡ್ಮಿಯಂ ಸೆಲೆನೈಡ್ ಎಂಬ ಸಂಯುಕ್ತದ ಹರಳು ಹಾಗಲ್ಲ. ಸುಮಾರು 2 ನ್ಯಾನೋಮೀಟರ್ ಇದ್ದರೆ ನೀಲಿಯಾಗಿ ಬೆಳಗುತ್ತದೆ, 6 ಇದ್ದರೆ ಕೆಂಪಾಗಿ. ವಸ್ತು ಅದೇ, ಗಾತ್ರ ಮಾತ್ರ ಬೇರೆ. 2023ರ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿದ್ದು ಇಂಥ ಕಣಗಳ ಕೆಲಸಕ್ಕೇ. ಇವನ್ನು ಸಾಮಾನ್ಯವಾಗಿ ಅರೆಯುವುದಿಲ್ಲ, ಬೆಳೆಸುತ್ತಾರೆ. ಪಾಕದಲ್ಲಿ ದಾರ ಇಳಿಬಿಟ್ಟು ಕಲ್ಲುಸಕ್ಕರೆ ಕಟ್ಟಿಸುತ್ತಾರಲ್ಲ, ಹಾಗೆ ಬಿಸಿ ದ್ರಾವಣದಲ್ಲಿ ಕಟ್ಟಿಸಿ, ಬೇಕಾದ ಗಾತ್ರ ಬಂದ ಕೂಡಲೇ ತಣಿಸಿ ನಿಲ್ಲಿಸುತ್ತಾರೆ.

ಇಂಥ ಹರಳನ್ನು ಕಾಗದಕ್ಕೆ ಹಿಡಿಸಿದರೆ ಸೆನ್ಸರ್. ನೋಟು ಪರೀಕ್ಷಿಸುವ ನೇರಳಾತೀತ ದೀಪದಡಿ ಹಿಡಿದರೆ ಅದು ಬೆಳಗುತ್ತದೆ. ಪಿಕ್ರಿಕ್ ಆಮ್ಲದಂಥ ಸ್ಫೋಟಕ ವಸ್ತು ತಗಲಿದರೆ ಆ ಜಾಗ ಮಂಕಾಗುತ್ತದೆ. ಬೆಳಕಾಗಿ ಹೊರಬರಬೇಕಿದ್ದ ಶಕ್ತಿ ಬೇರೆ ದಾರಿ ಹಿಡಿಯುತ್ತದೆ. ಹರಳಿನ ಎಲೆಕ್ಟ್ರಾನನ್ನು ಆ ಅಣು ಎಳೆದುಕೊಳ್ಳುವುದು ಅಂಥ ಒಂದು ದಾರಿ. ಖರ್ಚು ಕಡಿಮೆ ಯಾಕೆಂದರೆ ಹರಳು ಬೇಕಾದ್ದು ಚೂರೇ ಚೂರು, ದ್ರವ ಎಳೆದುಕೊಳ್ಳುವ ಕೆಲಸ ಕಾಗದದ್ದೇ, ಪಂಪು ಬೇಡ.

ಧಕ್ಕೆಯಲ್ಲಿ ಕಂಡ ಪಟ್ಟಿಯ ಬಗೆ ಬೇರೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರೂಪಿಸಿದ ಕಿಟ್‌ನಲ್ಲಿ ಪಟ್ಟಿಯನ್ನು ಮೀನಿನ ಮೈಗೆ ಉಜ್ಜಿ, ಒಂದು ಹನಿ ದ್ರಾವಣ ಬಿಟ್ಟು, ಬಂದ ಬಣ್ಣವನ್ನು ಚಾರ್ಟಿಗೆ ಹೋಲಿಸುತ್ತಾರೆ. ಒಳ್ಳೆಯ ಕಿಟ್. ಆದರೆ ಅಲ್ಲಿ ಬಣ್ಣ ಬರುವುದು ರಾಸಾಯನಿಕ ಕ್ರಿಯೆಯಿಂದ, ಲಿಟ್ಮಸ್‌ನ ದಾಯಾದಿ ಅದು. ಅದನ್ನು ನ್ಯಾನೋ ಎನ್ನುವವರು ದೀಪ ಹಿಡಿದು ಬೆಳಕಿಗಾಗಿ ಕಾಯುತ್ತಾರೆ, ಕಾಣದಿದ್ದರೆ ಪಟ್ಟಿ ಹಾಳಾಗಿದೆ ಎಂದು ಎಸೆಯುತ್ತಾರೆ. ಮೊನ್ನೆ ಆದದ್ದೂ ಅದೇ. ಚೆನ್ನಾಗಿಯೇ ಇದ್ದ ಎರಡು ಪಟ್ಟಿಗಳು ಬಂಗುಡೆ ಬುಟ್ಟಿಯ ಪಕ್ಕ ಒದ್ದೆಯಾಗಿ ಬಿದ್ದಿದ್ದವು.