ಮೆದುಳಿನ ಗಡ್ಡೆಯನ್ನು ಬೆಳಕಿನಿಂದ ಕರಗಿಸಬಹುದೇ?

ಪ್ರಶ್ನೆ: ನಮ್ಮ ಭಾವನವರ ಎಂಆರ್‌ಐ ನೋಡಿದ ದಾವಣಗೆರೆಯ ವೈದ್ಯರು ಗ್ಲಿಯೊಬ್ಲಾಸ್ಟೋಮಾ ಎಂಬ ಗಡ್ಡೆಯ ಸಂಶಯವಿದೆ, ಬೆಂಗಳೂರಿಗೆ ಹೋಗಿ ಬೇಗ ಆಪರೇಷನ್ ಮಾಡಿಸಿ ಎಂದಿದ್ದಾರೆ. ತಲೆ ತೆರೆಯದೆ ಬರೀ ಬೆಳಕು ಹಾಯಿಸಿ ಗಡ್ಡೆ ಕರಗಿಸುತ್ತಾರೆಂದು ಮೊಬೈಲಿನಲ್ಲಿ ನೋಡಿದೆವು. ಇದು ನಿಜವೇ? ಅದಕ್ಕಾಗಿ ಕಾಯಬಹುದೇ?
– ಚಳ್ಳಕೆರೆಯ ಓದುಗರೊಬ್ಬರು

ಉತ್ತರ: ಬೆಳಕಿನ ಚಿಕಿತ್ಸೆ ಇರುವುದು ನಿಜ, ತಲೆ ತೆರೆಯದೆ ಬರೀ ಬೆಳಕಿನಿಂದ ಎಂಬುದು ನಿಜವಲ್ಲ. ಆದ್ದರಿಂದ ಅದಕ್ಕಾಗಿ ಆಪರೇಷನ್ ಮುಂದೂಡಬೇಡಿ. ಗ್ಲಿಯೊಬ್ಲಾಸ್ಟೋಮಾ ವಾರಗಳ ಲೆಕ್ಕದಲ್ಲಿ ಬೆಳೆಯುವ ಕ್ಯಾನ್ಸರ್ ಗಡ್ಡೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ನಮ್ಮ ಕಡೆ 'ಕರೆಂಟು ಕೊಡಿಸುವುದು' ಎನ್ನುವ ರೇಡಿಯೊಥೆರಪಿಯಾಗಲಿ, ಗಾಮಾ ನೈಫ್ ಆಗಲಿ ಈ ಬೆಳಕಿನ ಚಿಕಿತ್ಸೆಯಲ್ಲ. ಅಲ್ಲಿ ಬಳಸುವ ಎಕ್ಸ್ ಕಿರಣ, ಗಾಮಾ ಕಿರಣಗಳು ತಲೆಬುರುಡೆಯನ್ನು ದಾಟಿ ಒಳಗೆ ಹೋಗಬಲ್ಲವು. ನೀವು ಕೇಳುತ್ತಿರುವ ಫೋಟೊಡೈನಾಮಿಕ್ ಚಿಕಿತ್ಸೆಯಲ್ಲಿ ಬಳಸುವುದು ಕಣ್ಣಿಗೆ ಕಾಣುವ ಬೆಳಕು, ಹೆಚ್ಚಾಗಿ ಕೆಂಪು ಲೇಸರ್. ಆ ಬೆಳಕು ತಾನಾಗಿ ಯಾವ ಕೋಶವನ್ನೂ ಕೊಲ್ಲುವುದಿಲ್ಲ. ಬೆಳಕು ಬಿದ್ದಾಗ ಮಾತ್ರ ಕೆರಳುವ ಔಷಧವೊಂದನ್ನು ಮೊದಲು ರೋಗಿಗೆ ಕೊಡುತ್ತಾರೆ; ಅದು ಆರೋಗ್ಯವಾದ ಮೆದುಳಿಗಿಂತ ಗಡ್ಡೆಯಲ್ಲಿ ಹೆಚ್ಚಾಗಿ ಸೇರಿಕೊಳ್ಳುತ್ತದೆ. ಬಳಿಕ ಅದಕ್ಕೆ ತಕ್ಕ ಬಣ್ಣದ ಬೆಳಕನ್ನು ಹಾಯಿಸಿದಾಗ ಔಷಧವು ತಾನು ಹೀರಿದ ಶಕ್ತಿಯನ್ನು ಅಲ್ಲೇ ಇರುವ ಆಮ್ಲಜನಕಕ್ಕೆ ದಾಟಿಸುತ್ತದೆ, ಆ ಆಮ್ಲಜನಕ ಉಗ್ರ ರೂಪ ತಾಳಿ ಪಕ್ಕದ ಕೋಶಭಾಗಗಳನ್ನು ಸುಟ್ಟುಹಾಕುತ್ತದೆ. ಆ ರೂಪಕ್ಕೆ ಕಣ್ಣು ಮಿಟುಕಿಸುವಷ್ಟು ಆಯಸ್ಸೂ ಇಲ್ಲವಾದ್ದರಿಂದ ಹಾನಿ ದೂರಕ್ಕೆ ಹರಡುವುದಿಲ್ಲ. ಈ ತತ್ತ್ವ ಹೊಸದೇನಲ್ಲ. 1900ರ ಸುಮಾರಿಗೆ ಜರ್ಮನಿಯ ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ, ಆಕ್ರಿಡೀನ್ ಬಣ್ಣ ಬೆರೆಸಿದ ನೀರಿನ ಸೂಕ್ಷ್ಮಜೀವಿಗಳು ಕತ್ತಲಲ್ಲಿ ಬದುಕಿದ್ದು ಬೆಳಕಿನಲ್ಲಿ ಸಾಯುವುದನ್ನು ಗಮನಿಸಿದ್ದ.

ತೊಡಕಿರುವುದು ಬೆಳಕು ಇಳಿಯುವ ಆಳದಲ್ಲಿ. ಕತ್ತಲಲ್ಲಿ ಅಂಗೈ ಹಿಂದೆ ಟಾರ್ಚ್ ಹಿಡಿದು ನೋಡಿ: ಬೆರಳುಗಳ ಅಂಚು ಕೆಂಪಗೆ ಹೊಳೆಯುತ್ತದೆ, ಅಂಗೈಯ ದಪ್ಪ ಭಾಗ ಕಪ್ಪಾಗಿಯೇ ಉಳಿಯುತ್ತದೆ. ಮಾಂಸದೊಳಗೆ ತುಸು ದೂರ ಹೋಗುವುದು ಕೆಂಪು ಬೆಳಕೊಂದೇ, ನೀಲಿ ಮೇಲುಪದರದಲ್ಲೇ ನಿಂತುಬಿಡುತ್ತದೆ. ಮೆದುಳಿನಲ್ಲಿ ಕೆಂಪು ಬೆಳಕು ಕೆಲಸ ಮಾಡುವಷ್ಟು ಬಲದಿಂದ ಇಳಿಯುವುದು ಕೆಲವೇ ಮಿಲಿಮೀಟರ್, ಹೆಚ್ಚೆಂದರೆ ಒಂದು ಸೆಂಟಿಮೀಟರ್. ನಿಂಬೆಹಣ್ಣಿನ ಗಾತ್ರದ ಗಡ್ಡೆಯನ್ನು ನೆತ್ತಿಯ ಮೇಲಿನ ದೀಪದಿಂದ ಕರಗಿಸುವ ಮಾತು ಇಲ್ಲಿಗೇ ಮುಗಿಯುತ್ತದೆ.

ಹಾಗಾದರೆ ಇದರ ಉಪಯೋಗವೇನು? ಹೊಲದಲ್ಲಿ ಜೇಕು ಕಿತ್ತವರಿಗೆ ಇದನ್ನು ವಿವರಿಸುವುದು ಸುಲಭ. ಮೇಲಿನ ಹುಲ್ಲು ಕೈಗೆ ಬರುತ್ತದೆ, ಗೆಡ್ಡೆ ಮಣ್ಣಿನಲ್ಲೇ ಉಳಿದು ಮತ್ತೆ ಚಿಗುರುತ್ತದೆ. ಗ್ಲಿಯೊಬ್ಲಾಸ್ಟೋಮಾದ ಕೋಶಗಳೂ ಕಣ್ಣಿಗೆ ಕಾಣುವ ಅಂಚಿನಾಚೆ ಆರೋಗ್ಯವಾದ ಮೆದುಳಿನೊಳಗೆ ನುಸುಳಿರುತ್ತವೆ, ಅಲ್ಲೆಲ್ಲ ಕತ್ತರಿ ಹಾಕಿದರೆ ಮಾತು, ನಡಿಗೆ, ನೆನಪು ಹೋಗುತ್ತದೆ. ಮರುಕಳಿಸುವ ಗಡ್ಡೆ ಬಹುಪಾಲು ಹಳೆಯ ಜಾಗದ ಅಂಚಿನಲ್ಲೇ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ಗಡ್ಡೆ ತೆಗೆದ ಮೇಲೆ ಉಳಿಯುವ ಗುಳಿಯ ಗೋಡೆಗೆ ಅಲ್ಲೇ ಬೆಳಕು ಹಾಯಿಸಿದರೆ, ಕತ್ತರಿ ಹೋಗಬಾರದ ಆ ಕೆಲವು ಮಿಲಿಮೀಟರ್ ಜಾಗಕ್ಕೆ ಬೆಳಕು ಹೋಗಬಲ್ಲದು. ಜಪಾನ್ 2013ರಲ್ಲಿ ಟಾಲಪೋರ್ಫಿನ್ ಎಂಬ ಔಷಧ ಮತ್ತು ಕೆಂಪು ಲೇಸರನ್ನು ಮೆದುಳಿನ ಮಾರಕ ಗಡ್ಡೆಗೆ ಬಳಸಲು ಒಪ್ಪಿಗೆ ಕೊಟ್ಟಿದ್ದು ಹೀಗೆಯೇ: ಹಿಂದಿನ ದಿನ ರಕ್ತನಾಳಕ್ಕೆ ಔಷಧ, ಮರುದಿನ ಆಪರೇಷನ್, ಅದರ ಕೊನೆಯಲ್ಲಿ ಬೆಳಕು. ಅಂದರೆ ಅಲ್ಲಿಯೂ ತಲೆ ತೆರೆದೇ ಮಾಡುತ್ತಾರೆ.

ನನ್ನ ದೃಷ್ಟಿಯಲ್ಲಿ, ಇಂದಿನ ಮಟ್ಟಿಗೆ ಬೆಳಕಿನ ದೊಡ್ಡ ಉಪಕಾರ ಗಡ್ಡೆಯನ್ನು ಕೊಲ್ಲುವುದರಲ್ಲಿಲ್ಲ, ತೋರಿಸುವುದರಲ್ಲಿದೆ. 5-ಎಎಲ್‌ಎ ಎಂಬ ದ್ರಾವಣವನ್ನು ಅರಿವಳಿಕೆಗೆ ಸುಮಾರು ಮೂರು ಗಂಟೆ ಮೊದಲು ಕುಡಿಸುತ್ತಾರೆ. ಗಡ್ಡೆಯ ಕೋಶಗಳಲ್ಲಿ ಅದು ಪೋರ್ಫಿರಿನ್ ಎಂಬ ಹೊಳೆಯುವ ವಸ್ತುವಾಗಿ ಶೇಖರಗೊಂಡು, ಆಪರೇಷನ್ ಮೈಕ್ರೋಸ್ಕೋಪಿನ ನೀಲಿ ಬೆಳಕಿನಲ್ಲಿ ಕೆಂಪಗೆ ಹೊಳೆಯುತ್ತದೆ. 2006ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ, ಸ್ಕ್ಯಾನಿನಲ್ಲಿ ಕಾಣುವ ಗಡ್ಡೆಯನ್ನು ಪೂರ್ತಿ ತೆಗೆಯಲು ಸಾಧ್ಯವಾದದ್ದು ಸಾಮಾನ್ಯ ಬೆಳಕಿನಲ್ಲಿ ಶೇ. 36 ರೋಗಿಗಳಲ್ಲಿ, ಈ ವಿಧಾನದಲ್ಲಿ ಶೇ. 65 ರೋಗಿಗಳಲ್ಲಿ. ಅಮೆರಿಕ ಇದಕ್ಕೆ 2017ರಲ್ಲಿ ಅನುಮತಿ ನೀಡಿತು. ಕಣ್ಣಿನ ರೆಟಿನಾ ಪರೀಕ್ಷೆಗೆ ಬಳಸುವ ಸೋಡಿಯಂ ಫ್ಲೋರೆಸೀನ್ ಎಂಬ ಅಗ್ಗದ ಬಣ್ಣವನ್ನೂ ಇದೇ ಉದ್ದೇಶಕ್ಕೆ ಭಾರತದ ನರಶಸ್ತ್ರಚಿಕಿತ್ಸಕರು ಬಳಸುತ್ತಾರೆ.

ಬೆಳಕಿಗೆ ಕೆರಳುವ ಔಷಧ ಮೈಯಲ್ಲಿರುವಾಗ ಆಸ್ಪತ್ರೆಯ ಲೇಸರೂ ಒಂದೇ, ಚಳ್ಳಕೆರೆಯ ಏಪ್ರಿಲ್ ಬಿಸಿಲೂ ಒಂದೇ. 5-ಎಎಲ್‌ಎ ಕುಡಿದವರು ಒಂದೆರಡು ದಿನ ಬಿಸಿಲಿನಿಂದ ದೂರವಿರಬೇಕು. ಪೋರ್ಫಿಮರ್ ಎಂಬ ಹಳೆಯ ಔಷಧಕ್ಕಾದರೆ ತಿಂಗಳು ಅಥವಾ ಅದಕ್ಕೂ ಹೆಚ್ಚು. ಪೋರ್ಫಿರಿಯಾ ಎಂಬ ಅಪರೂಪದ ಕಾಯಿಲೆ ಇರುವವರಿಗೆ ಇವು ಕೂಡದು. ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ನುಂಗುತ್ತಿದ್ದರೆ ಮೊದಲೇ ವೈದ್ಯರಿಗೆ ಹೇಳಬೇಕು.

ಭಾವನವರ ವಿಷಯಕ್ಕೆ ಬಂದರೆ, ಎಂಆರ್‌ಐ ಸಂಶಯವನ್ನಷ್ಟೇ ಹೇಳುತ್ತದೆ, ಗಡ್ಡೆ ಯಾವ ಬಗೆಯದೆಂದು ನಿಶ್ಚಯವಾಗುವುದು ತೆಗೆದ ತುಣುಕಿನ ಪರೀಕ್ಷೆಯಿಂದ. ಗ್ಲಿಯೊಬ್ಲಾಸ್ಟೋಮಾ ಎಂದೇ ಆದರೆ ಆಪರೇಷನ್, ನಂತರ ಸಾಮಾನ್ಯವಾಗಿ ಆರು ವಾರ ರೇಡಿಯೊಥೆರಪಿ, ಜೊತೆಗೆ ಟೆಮೊಜೊಲೊಮೈಡ್ ಎಂಬ ಕ್ಯಾನ್ಸರ್ ಮಾತ್ರೆ: 2005ರಿಂದ ಜಗತ್ತಿನೆಲ್ಲೆಡೆ ನಡೆದುಬಂದಿರುವ ಕ್ರಮ ಇದು. ನಿಮ್ಹಾನ್ಸ್ ಆಗಲಿ, ಬೇರೆ ಕಡೆಯಾಗಲಿ, ಶಸ್ತ್ರಚಿಕಿತ್ಸಕರನ್ನು ಕಂಡಾಗ ಗಡ್ಡೆಯ ಅಂಚು ನೋಡಲು ಹೊಳೆಯುವ ಬಣ್ಣ ಬಳಸುತ್ತೀರಾ ಎಂದು ಕೇಳಿ. ಯಾರಾದರೂ ಬೆಳಕಿನ ಚಿಕಿತ್ಸೆಯನ್ನೇ ಪ್ರಯೋಗವಾಗಿ ಕೊಡುತ್ತೇವೆಂದರೆ, ಭಾರತದ ಕ್ಲಿನಿಕಲ್ ಟ್ರಯಲ್ ರಿಜಿಸ್ಟ್ರಿಯಲ್ಲಿ ಅದರ ನೋಂದಣಿ ಸಂಖ್ಯೆ ಯಾವುದೆಂದು ಕೇಳಿ ಬರೆದುಕೊಳ್ಳಿ. ಸಂಖ್ಯೆ ಹೇಳದವರಿಗೆ ಮುಂಗಡ ಕೊಡಬೇಡಿ.