ಹಸುಗೂಸಿನ ನಾಲಿಗೆ ನೋಡಿ

“ಅವರಪ್ಪನ ಬಣ್ಣ ಬಂದಿದೆ ಡಾಕ್ಟ್ರೇ, ಅಷ್ಟೇ,” ಎಂದರು ಅಜ್ಜಿ. ಮಗು ಹುಟ್ಟಿ ಎರಡನೇ ದಿನ. ತೂಕ ಮೂರು ಕಿಲೋ, ಅಳುವೂ ಜೋರು. ಅಳಲು ಬಾಯಿ ತೆರೆದಾಗ ನಾಲಿಗೆ ಕಂಡಿತು, ನೇರಳೆ ಹಣ್ಣು ತಿಂದವರ ನಾಲಿಗೆಯಂತೆ. ರಕ್ತದ ಆಕ್ಸಿಜನ್ ಅಳೆಯುವ ಕೆಂಪು ದೀಪದ ಪಟ್ಟಿ, ಪಲ್ಸ್ ಆಕ್ಸಿಮೀಟರ್, ಕಟ್ಟಿದರೆ ಶೇ. 68. ಆಕ್ಸಿಜನ್ ಕೊಟ್ಟರೂ 70 ದಾಟಲಿಲ್ಲ.

ಶ್ವಾಸಕೋಶದ ತೊಂದರೆಯಾದರೆ ಆಕ್ಸಿಜನ್‌ಗೆ ಅಂಕಿ ಸಾಮಾನ್ಯವಾಗಿ ಏರುತ್ತದೆ. ಏರದಿದ್ದರೆ ಹೃದಯದ ಮೇಲೆ ಅನುಮಾನ. ಎಕೋದಲ್ಲಿ (ಹೃದಯದ ಸ್ಕ್ಯಾನ್) ಕಂಡದ್ದು ಟಿಜಿಎ, ಅಂದರೆ ಮಹಾರಕ್ತನಾಳಗಳ ಅದಲುಬದಲು. ದೇಹಕ್ಕೆ ಹೋಗುವ ನಾಳ ಹೃದಯದ ಬಲಗಡೆಯಿಂದ, ಶ್ವಾಸಕೋಶಕ್ಕೆ ಹೋಗುವುದು ಎಡಗಡೆಯಿಂದ ಹೊರಟಿರುತ್ತದೆ. ದೇಹದ ರಕ್ತ ದೇಹಕ್ಕೇ, ಶ್ವಾಸಕೋಶದ್ದು ಶ್ವಾಸಕೋಶಕ್ಕೇ ಮರಳುತ್ತದೆ. ಎರಡು ಗಾಣ ಅಕ್ಕಪಕ್ಕ ಬೇರೆಬೇರೆಯಾಗಿ ತಿರುಗಿದ ಹಾಗೆ. ಹುಟ್ಟುವಾಗ ತೆರೆದಿರುವ ಎರಡು ದಾರಿಗಳಲ್ಲಿ ಅಷ್ಟಿಷ್ಟು ರಕ್ತ ಬೆರೆಯುವುದರಿಂದಲೇ ಮಗು ಬದುಕಿರುತ್ತದೆ. ಕೆಲವೇ ದಿನಗಳಲ್ಲಿ ಅವೂ ಮುಚ್ಚಿಕೊಳ್ಳತೊಡಗುತ್ತವೆ.

ಒಂದು ದಾರಿ ಮುಚ್ಚದಂತೆ ಪ್ರೊಸ್ಟಗ್ಲಾಂಡಿನ್ ಡ್ರಿಪ್ ಹಾಕಿದೆವು. ಈ ಔಷಧದಿಂದ ಉಸಿರು ನಿಲ್ಲುವುದುಂಟು, ಹಾಗಾಗಿ ಪಕ್ಕದಲ್ಲಿ ಒಬ್ಬರು ಕಾದಿರಲೇಬೇಕು. ಆಮೇಲೆ ತೊಡೆಯ ರಕ್ತನಾಳದಿಂದ ಬಲೂನು ಒಯ್ದು, ಹೃದಯದ ಮೇಲಿನ ಕೋಣೆಗಳ ನಡುವಿನ ಕಿಂಡಿಯಲ್ಲಿ ಒಮ್ಮೆ ಸರಕ್ಕನೆ ಎಳೆದೆವು. 1966ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ರಾಶ್‌ಕಿಂಡ್ ತೋರಿಸಿಕೊಟ್ಟ ವಿಧಾನವಿದು. ಅಂಕಿ 84ಕ್ಕೆ ಏರಿತು, ನಾಲಿಗೆ ಕೆಂಪಗಾಯಿತು.

ಆಗಲೇ ಮನೆಯವರು ಕೇಳಿದರು: “ಬಾಣಂತನ ಮುಗಿಸಿಕೊಂಡು ಆಪರೇಷನ್‌ಗೆ ಬರಬಹುದಾ?” ಈ ಮಾತು ಕೇಳಿದಾಗಲೆಲ್ಲ ನನಗೆ ಎದೆ ಧಸಕ್ಕೆನ್ನುತ್ತದೆ. ಎಡ ಹೃತ್ಕುಕ್ಷಿ, ಅಂದರೆ ಹೃದಯದ ಎಡಗಡೆಯ ಕೆಳಕೋಣೆ, ಶ್ವಾಸಕೋಶಕ್ಕಷ್ಟೇ ಕಡಿಮೆ ಒತ್ತಡದಲ್ಲಿ ದುಡಿಯುತ್ತಿದ್ದರೆ ಅದರ ಗೋಡೆ ವಾರಗಳಲ್ಲೇ ತೆಳುವಾಗುತ್ತದೆ. ಆಮೇಲೆ ನಾಳ ಸರಿಪಡಿಸಿದರೂ ಇಡೀ ದೇಹಕ್ಕೆ ರಕ್ತ ದೂಡುವ ಕಸುವು ಅದಕ್ಕಿರುವುದಿಲ್ಲ. ಆದ್ದರಿಂದ ಸಾಮಾನ್ಯವಾಗಿ ಮೊದಲ ಎರಡು-ಮೂರು ವಾರದೊಳಗೇ ಶಸ್ತ್ರಚಿಕಿತ್ಸೆ ಆಗಬೇಕು.

ಇದರಲ್ಲಿ ಎರಡೂ ಮಹಾನಾಳಗಳನ್ನು ಕತ್ತರಿಸಿ ಸ್ಥಾನ ಬದಲಿಸಿ ಹೊಲಿಯುತ್ತಾರೆ. ನಿಜವಾದ ಕಷ್ಟ ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ಕರೊನರಿ ನಾಳಗಳದು. ನೂಲಿನಂಥ ಆ ನಾಳಗಳನ್ನು ಬುಡದ ಗೋಡೆಯ ಚೂರಿನ ಸಮೇತ ಬಿಡಿಸಿ, ತಿರುಚದಂತೆ, ಎಳೆಯದಂತೆ ಹೊಸ ಜಾಗದಲ್ಲಿ ಕೂರಿಸಬೇಕು. ಬ್ರೆಜಿಲ್‌ನ ಅಡಿಬ್ ಜಟೇನೆ 1975ರಲ್ಲಿ ಇದನ್ನು ಮೊದಲು ಯಶಸ್ವಿಯಾಗಿ ಮಾಡಿದರು. ಇಂದು ನುರಿತ ಕೇಂದ್ರಗಳಲ್ಲಿ ಬಹುಪಾಲು ಮಕ್ಕಳು ಬದುಕುತ್ತಾರೆ, ಶಾಲೆಗೆ ಹೋಗುತ್ತಾರೆ, ಓಡಾಡುತ್ತಾರೆ; ತಪಾಸಣೆ ಮಾತ್ರ ಜೀವನಪೂರ್ತಿ ಬೇಕು.

ನಮ್ಮ ಮಗುವಿನ ಶಸ್ತ್ರಚಿಕಿತ್ಸೆ ಒಂಬತ್ತನೇ ದಿನ ನಡೆಯಿತು. ಅಜ್ಜಿ ಈಗ ಊರಿನ ಬಾಣಂತಿಯರಿಗೆಲ್ಲ ಹೇಳುತ್ತಾರಂತೆ: ಮನೆಗೆ ಹೊರಡುವ ಮುಂಚೆ ಕೂಸಿನ ಬಲಗೈಗೂ ಕಾಲಿಗೂ ಆ ಕೆಂಪು ದೀಪದ ಪಟ್ಟಿ ಕಟ್ಟಿಸಿ ನೋಡಿ ಅಂತ.