ಮೈನಸ್ 20ಕ್ಕಿಂತ ಸೊನ್ನೆಗೇ ಜಾಸ್ತಿ ಹೆದರಬೇಕು

ಅಮೆರಿಕದ ಮಿನೆಸೋಟದಲ್ಲಿ ಜನವರಿಯ ಚಳಿ ಮೈನಸ್ 20 ಡಿಗ್ರಿ ಅಂದರೆ ನಮ್ಮವರಿಗೆ ಎದೆ ಝಲ್ ಅನ್ನುತ್ತದೆ. ಆದರೆ ಸಣ್ಣ ವಿಮಾನ ಇಳಿಸುವವರನ್ನು ಕೇಳಿ ನೋಡಿ, ಮೈನಸ್ 1ರ ಮಂಜುಗಡ್ಡೆಗಿಂತ ಮೈನಸ್ 20ರದ್ದೇ ವಾಸಿ ಅಂತಾರೆ. ಟೈರಿಗೆ ಅಲ್ಲಿ ಸ್ವಲ್ಪವಾದರೂ ಹಿಡಿತ ಸಿಗುತ್ತದೆ.

ಯಾಕೆ ಹೀಗೆ? ಮಂಜುಗಡ್ಡೆಯ ಒಳಗಿನ ಅಣುಗಳನ್ನು ಅಕ್ಕಪಕ್ಕದವು ಎಲ್ಲ ಕಡೆಯಿಂದ ಬಿಗಿಯಾಗಿ ಹಿಡಿದಿರುತ್ತವೆ. ಮೇಲ್ಮೈಯಲ್ಲಿರುವ ಅಣುಗಳಿಗೆ ಮೇಲಿನಿಂದ ಹಿಡಿತವೇ ಇಲ್ಲ, ಹಾಗಾಗಿ ಅವು ಸೊನ್ನೆಗಿಂತ ಕೆಳಗೂ ಸಡಿಲವಾಗಿ ಅಲುಗಾಡುತ್ತಿರುತ್ತವೆ. ಇಂಥದ್ದೊಂದು ತೆಳು ನೀರಿನ ಪದರ ಇರಬೇಕು ಅಂತ ಮೈಕೆಲ್ ಫ್ಯಾರಡೆ 1850ರಲ್ಲೇ ಹೇಳಿದ್ದರು. ಸೊನ್ನೆ ಹತ್ತಿರವಾದಷ್ಟೂ ಈ ಪದರ ದಪ್ಪವಾಗುತ್ತದೆ, ಸಾಲದ್ದಕ್ಕೆ ಟೈರ್ ಉಜ್ಜಿದ ಬಿಸಿ ಬೇರೆ.

ಅಮೆರಿಕದಲ್ಲಿ 2016ರ ಅಕ್ಟೋಬರ್‌ನಿಂದ ರನ್‌ವೇಯ ಹಿಡಿತಕ್ಕೆ ಅಂಕ ಕೊಡುತ್ತಾರೆ. ಒಣಗಿದ್ದರೆ 6, ಒದ್ದೆಯಾಗಿದ್ದರೆ 5, ಮಂಜುಗಡ್ಡೆಗೆ 1, ಅದರ ಮೇಲೆ ನೀರು ನಿಂತಿದ್ದರೆ 0. ಒತ್ತಿ ಗಟ್ಟಿಯಾದ ಹಿಮಕ್ಕೆ ಮೈನಸ್ 15 ಅಥವಾ ಅದಕ್ಕಿಂತ ಜಾಸ್ತಿ ಚಳಿಯಿದ್ದರೆ 4, ಚಳಿ ಕಡಿಮೆಯಿದ್ದರೆ 3! ರನ್‌ವೇಯನ್ನು ಮೂರು ಭಾಗ ಮಾಡಿ, ಒಂದೊಂದಕ್ಕೆ ಒಂದು ಅಂಕದಂತೆ 5/5/3 ಅಂತ ಬರೆಯುತ್ತಾರೆ. ಇದಕ್ಕೆ ಕಾರಣವಾದದ್ದು 2005ರ ಡಿಸೆಂಬರ್ 8ರಂದು ಶಿಕಾಗೋದ ಮಿಡ್‌ವೇ ನಿಲ್ದಾಣದಲ್ಲಿ ನಡೆದ ಅಪಘಾತ. ಹಿಮದಲ್ಲಿ ಇಳಿದ ಬೋಯಿಂಗ್ 737 ರನ್‌ವೇಯಲ್ಲಿ ನಿಲ್ಲದೆ ಬೇಲಿ ಮುರಿದು ರಸ್ತೆಗೆ ನುಗ್ಗಿತು, ಕಾರಿನಲ್ಲಿದ್ದ 6 ವರ್ಷದ ಹುಡುಗ ಸತ್ತ.

ದೊಡ್ಡ ನಿಲ್ದಾಣದಲ್ಲಿ ಈ ಅಂಕ ಆಗಾಗ ಬದಲಾಗುತ್ತಿರುತ್ತದೆ. ಹಳ್ಳಿಗಾಡಿನ ನಿಲ್ದಾಣದಲ್ಲಿ ಹಿಮ ತಳ್ಳುವವನು ಸಂಜೆಗೆ ಮನೆಗೆ ಹೋಗಿರುತ್ತಾನೆ. ಮಧ್ಯಾಹ್ನದ ಬಿಸಿಲಿಗೆ ಕರಗಿದ್ದು ಕತ್ತಲಾದ ಮೇಲೆ ಮತ್ತೆ ಗಟ್ಟಿಯಾಗಿ, ಅದರ ಮೇಲೆ ಪುಡಿ ಹಿಮ ಉದುರಿದ್ದರೆ ನಿಮ್ಮ ಕೈಲಿರುವ ವರದಿಗೆ ಅದು ಗೊತ್ತೇ ಇಲ್ಲ. ಹೊರಡುವ ಮುಂಚೆ ಸುಮ್ನೆ ಅಲ್ಲಿಗೊಂದು ಫೋನ್ ಮಾಡಿ.

ಆಮೇಲೆ ಲೆಕ್ಕ ಹಾಕಿ. ಸೆಸ್ನಾ 172ಎಸ್ ಅನ್ನೋ ನಾಲ್ಕು ಸೀಟಿನ ಸಣ್ಣ ವಿಮಾನದ ಕೈಪಿಡಿಯ ಪ್ರಕಾರ ಸಮುದ್ರ ಮಟ್ಟದಲ್ಲಿ 50 ಅಡಿ ಎತ್ತರದಿಂದ ಇಳಿದು ನಿಲ್ಲಲು 1335 ಅಡಿ ಬೇಕು, ಅದರಲ್ಲಿ ನೆಲದ ಮೇಲಿನ ಓಟ 575. ಇದು ಒಣಗಿದ, ಸಮತಟ್ಟಾದ ಟಾರು ರನ್‌ವೇ ಲೆಕ್ಕ. ಬ್ರೇಕಿನ ಹಿಡಿತ ಕಾಲು ಭಾಗಕ್ಕೆ ಇಳಿಯಿತು ಅನ್ನಿ, ಓಟ ಸುಮಾರು ನಾಲ್ಕು ಪಟ್ಟಾಗಿ 2300 ಅಡಿ ಆಗುತ್ತದೆ. ನೆಲ ಮುಟ್ಟುವ ಮುಂಚಿನ 760 ಸೇರಿಸಿದರೆ 3060. ಸಣ್ಣ ಊರಿನ 3000 ಅಡಿ ರನ್‌ವೇ ಅಲ್ಲಿಗೆ ಮುಗಿಯಿತು, ಅಲ್ವಾ?

ಅಡ್ಡಗಾಳಿ ಇನ್ನೂ ಕೆಟ್ಟದ್ದು. ವೇಗ ಕಡಿಮೆಯಾದಷ್ಟೂ ಮೂತಿಯನ್ನು ಎಡಬಲ ತಿರುಗಿಸುವ ಬಾಲದ ಹಲಗೆ, ಅಂದರೆ ರಡ್ಡರ್, ಕೆಲಸ ಮಾಡೋದಿಲ್ಲ, ಮೂತಿಯ ಚಕ್ರ ತಿರುಗಿಸಿದರೂ ಹಿಡಿತವಿಲ್ಲ. ಇಳಿದಾಯಿತು ಅಂತ ಉಸಿರು ಬಿಡುವ ಹೊತ್ತಿಗೆ ವಿಮಾನ ಗಾಳಿಯ ಕಡೆ ಮೂತಿ ಮಾಡಿ, ಅಂಚಿನ ಹಿಮದ ಗುಡ್ಡೆಗೆ ಜಾರುತ್ತದೆ. ನಮ್ಮ ಜಕ್ಕೂರಿನಲ್ಲಿ ಹಾರಲು ಕಲಿತವರಿಗೆ ಇದೆಲ್ಲ ಬರೀ ಪುಸ್ತಕದ ಪಾಠ.

ರೆಕ್ಕೆ ಮೇಲಿನ ಬಿಳಿ ಮಂಜನ್ನು ಒರೆಸಲೇಬೇಕು. ಉಪ್ಪುಕಾಗದದಷ್ಟು ಒರಟಿದ್ದರೂ ಎತ್ತುವ ಬಲ 30%ವರೆಗೆ ಕುಸಿಯಬಹುದು. ಚಕ್ರಗಳ ಕವಚವನ್ನೂ ಬಗ್ಗಿ ನೋಡಿ. ಓಡುವಾಗ ಸಿಡಿದ ಕೆಸರು ಹಿಮ ಅದರೊಳಗೆ ಸೇರಿ, ಮೇಲೆ ಹೋದಾಗ ಕಲ್ಲಾಗಿ, ಚಕ್ರವನ್ನೇ ಕಚ್ಚಿ ಹಿಡಿಯುತ್ತದೆ. ಅದಕ್ಕೇ ಆ ಕಡೆಯ ಎಷ್ಟೋ ಜನ ವೇಗ ಒಂದಿಷ್ಟು ಕಡಿಮೆಯಾದರೂ ಪರವಾಗಿಲ್ಲ ಅಂತ ಚಳಿಗಾಲ ಮುಗಿಯುವವರೆಗೆ ಕವಚ ಬಿಚ್ಚಿಡುತ್ತಾರೆ.